ಚೀಟಿ ದುಡ್ಡಲ್ಲಿ ಒಂದು ರೋಡ್ ಬೈಕ್

"ರೋಡ್ ಬೈಕ್ ತಗೊಳ್ತೀನಿ" ಅಂತ 2025ರ ಆಗಸ್ಟ್‌ನಲ್ಲಿ ಮನೆಯಲ್ಲಿ ಹೇಳಿದಾಗ ನಮ್ಮತ್ತೆ ಮೊದಲು ಕೇಳಿದ್ದು, "ಲೈಸೆನ್ಸ್ ಇದೆಯಾ ನಿಂಗೆ?" ಬೈಕ್ ಅಂದ್ರೆ ಇಲ್ಲಿ ಸೈಕಲ್, ಟಾರ್ ರೋಡಲ್ಲಿ ಜೋರಾಗಿ ಓಡೋ ಹಗುರ ಸೈಕಲ್ ಅಂತ ಬಿಡಿಸಿ ಹೇಳಿದೆ. "ಸೈಕಲ್ಲಿಗೆ ನಲವತ್ತು ಸಾವಿರಾನಾ? ಅದರ ಬದಲು ಲೈಸೆನ್ಸೇ ಮಾಡಿಸ್ಕೋ" ಅಂದರು. ಅಲ್ಲಿಂದ ಶುರುವಾಗಿ ದೀಪಾವಳಿವರೆಗೆ ಎರಡೂವರೆ ತಿಂಗಳು ನಾನು ಅಲೆದ ಕಥೆ ಇದು. ಮೊದಲ ಸಲ ತಗೊಳ್ಳೋರು, ಅದರಲ್ಲೂ ನನ್ನ ಹಾಗೆ ಐದಡಿ ಎರಡಿಂಚು ಇರೋರು ಓದಿದರೆ ಸ್ವಲ್ಪ ಪೆಟ್ರೋಲು, ಸ್ವಲ್ಪ ಅಡ್ವಾನ್ಸು ಉಳಿಯಬಹುದು.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 41. 2017ರಲ್ಲಿ ಊರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಪೆಡಲ್ ತುಳಿದೆ. ಆಮೇಲೆ ಮಗನ ಗೇರ್ ಸೈಕಲ್ಲಲ್ಲಿ ಕುಕ್ಕರಹಳ್ಳಿ ಕೆರೆ ಕಡೆ, ರಿಂಗ್ ರೋಡ್ ಕಡೆ ಹೋಗಿ ಬರ್ತಿದ್ದೆ. ಬೆಳಿಗ್ಗೆ ಅಲ್ಲಿ ಸುಯ್ ಅಂತ ನನ್ನನ್ನ ದಾಟಿ ಹೋಗ್ತಿದ್ದ ಬಾಗಿದ ಹ್ಯಾಂಡಲ್ ಸೈಕಲ್ಲುಗಳನ್ನ ನೋಡಿ ನೋಡಿ ಆಸೆ ಹತ್ತಿತು. ಜುಲೈ ಕೊನೆಗೆ ಚೀಟಿ ಎತ್ತಿದೆ. ಅದರಲ್ಲಿ 40 ಸಾವಿರ ನಂದು ಅಂತ ಎತ್ತಿಟ್ಟುಕೊಂಡೆ.

ಮೊದಲ ಅಂಗಡಿಗೆ ಹೋದಾಗ ರೋಡ್ ಬೈಕ್ ತೋರಿಸಿ ಅಂದೆ. ಹುಡುಗ ನನ್ನನ್ನ ಒಂದು ಸಲ ನೋಡಿದ, ಸೀದಾ ಬುಟ್ಟಿ ಇರೋ ಲೇಡೀಸ್ ಸೈಕಲ್ ಹತ್ತಿರ ಕರ್ಕೊಂಡು ಹೋದ. ಇದಲ್ಲಪ್ಪ, ಆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಇರೋದು ಅಂದೆ. "ಸಾರ್‌ಗಾ ಮೇಡಂ?" ಅಂದ. ನನಗೇ ಅಂದಾಗ ಅವನಿಗೆ ಒಂದು ಥರಾ ಆಯ್ತು, ನನಗೂ ಒಂದು ಥರಾ ಆಯ್ತು. ಇದು ಮೂರು ಅಂಗಡಿಯಲ್ಲೂ ಆಯಿತು. ನಾಲ್ಕನೆಯದರಲ್ಲಿ ನಾನೇ ಮೊದಲೇ ಹೇಳಿಬಿಟ್ಟೆ, "ನನಗೇ, ಬುಟ್ಟಿ ಬೇಡ."

ಆನ್‌ಲೈನಲ್ಲಿ 14 ಸಾವಿರಕ್ಕೆ ಒಂದು ಚೆಂದದ ಸೈಕಲ್ ಕಣ್ಣಿಗೆ ಬಿತ್ತು. ಕಪ್ಪು, ಕೆಂಪು, ಡ್ರಾಪ್ ಹ್ಯಾಂಡಲ್, ಎರಡು ಡಿಸ್ಕ್ ಬ್ರೇಕ್. ಬುಕ್ ಮಾಡೋ ಮುಂಚೆ ನಮ್ಮ ಸ್ಕೂಲಿನ ಪಿಟಿ ಮೇಷ್ಟ್ರಿಗೆ ತೋರಿಸಿದೆ. ಅವರು ವಿಜಯಪುರದವರು. ಅಲ್ಲಿ, ಪಕ್ಕದ ಬಾಗಲಕೋಟೆಯಲ್ಲಿ ಸೈಕ್ಲಿಂಗ್ ಅಂದ್ರೆ ಮನೆಮಾತು, ರಾಷ್ಟ್ರಮಟ್ಟದಲ್ಲಿ ಆಡಿದ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಇವರೂ ಚಿಕ್ಕವರಿದ್ದಾಗ ರೇಸ್ ಓಡಿಸಿದವರೇ. ಫೋನು ನೋಡಿ ನಕ್ಕರು. "ಹ್ಯಾಂಡಲ್ ಬಗ್ಗಿಸಿದ ಮಾತ್ರಕ್ಕ ರೋಡ್ ಬೈಕ್ ಆಗೂದಿಲ್ರಿ ಮೇಡಂ. ತೂಕ ಎಷ್ಟೈತಿ ನೋಡ್ರಿ." ಕೆಳಗೆ ಸಣ್ಣ ಅಕ್ಷರದಲ್ಲಿತ್ತು, 17 ಕೆ.ಜಿ., ಕಬ್ಬಿಣದ ಫ್ರೇಮು. ಮಗನ ಸೈಕಲ್ಲಿಗಿಂತ ಜಾಸ್ತಿ ಭಾರ. ಸರಿಯಾದ ಅಲ್ಯುಮಿನಿಯಂ ರೋಡ್ ಬೈಕುಗಳು ಸಾಮಾನ್ಯವಾಗಿ 10, 11 ಕೆ.ಜಿ. ಆಸುಪಾಸು ಇರ್ತವೆ, ಆದರೆ ಈ ದರದಲ್ಲಿ ಅವು ಬರೋದೇ ಇಲ್ಲ, ಅಷ್ಟೇ.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಕಾಲಿನ ಅಳತಿ ಎಷ್ಟೈತ್ರಿ?"

ಗೊತ್ತಿಲ್ಲ ಅಂದೆ. ಗೊತ್ತು ಮಾಡ್ಕೊಂಡು ಬನ್ನಿ, ಆಮೇಲೆ ಮಿಕ್ಕಿದ್ದು ಅಂದರು. ನಾನು ಆ ಮಾತಿಗೆ ಆಗ ಅಷ್ಟು ಬೆಲೆ ಕೊಡಲಿಲ್ಲ. ಕೊಟ್ಟಿದ್ದರೆ ಮುಂದಿನ ರಗಳೆ ಆಗ್ತಿರಲಿಲ್ಲ.

ರಗಳೆ ಏನಂದ್ರೆ, ಸೆಪ್ಟೆಂಬರ್ ಮೊದಲ ಶನಿವಾರ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ನನ್ನ ಬಜೆಟ್ಟಿಗೆ ಹತ್ತಿರದಲ್ಲಿ, 43 ಸಾವಿರಕ್ಕೆ, ಒಂದು ಇತ್ತು. ನೀಲಿ ಬಣ್ಣ. ಹಾಗೇ ಮನಸ್ಸು ಅದರ ಮೇಲೆ ಹೋಯ್ತು. ಸೈಜು ಕೇಳಿದೆ. "52 ಮೇಡಂ, ನಿಮಗೆ ಕರೆಕ್ಟು, ಸೀಟು ಇಳಿಸಿದ್ರೆ ಆಯ್ತು." ಅಂಗಡಿ ಹುಡುಗ ಸೀಟು ಇಳಿಸಿದ, ಕೂತೆ. ಕಾಲು ಸಿಗ್ತು. ಕೈ ಮಾತ್ರ ಒಂಚೂರು ದೂರ ಅನ್ನಿಸ್ತು. ರೋಡ್ ಬೈಕ್ ಅಂದ್ರೆ ಹಾಗೇ, ಬಗ್ಗಬೇಕು ಅಂದ. ಅದೊಂದೇ ಪೀಸ್ ಇದೆ, ನಾಳೆ ಇರೋ ಗ್ಯಾರಂಟಿ ಇಲ್ಲ ಅಂತಲೂ ಅಂದ. 2,000 ಅಡ್ವಾನ್ಸ್ ಕೊಟ್ಟು ಬಂದೆ.

ಮನೆಗೆ ಬಂದು, ಯಾಕೋ ಸಮಾಧಾನ ಆಗದೆ, ಅಳೆದೆ. ಅಳೆಯೋದು ಹೀಗೆ: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಪಾದ ಅರ್ಧ ಅಡಿ ಅಂತರ ಇರಲಿ. ದಪ್ಪ ರಟ್ಟಿನ ಪುಸ್ತಕ ಒಂದನ್ನ ತೊಡೆ ಸಂದಿಗೆ, ಸೀಟಿನ ಮೇಲೆ ಕೂತ ಹಾಗೆ, ಮೇಲಕ್ಕೆ ಒತ್ತಿ ಹಿಡ್ಕೊಳ್ಳಿ. ಪುಸ್ತಕದ ಮೇಲಂಚು ಗೋಡೆಗೆ ತಾಗಿದ ಕಡೆ ಪೆನ್ಸಿಲ್ ಗುರುತು ಹಾಕಿ ನೆಲದಿಂದ ಅಲ್ಲಿಗೆ ಟೇಪು ಹಿಡಿಯಿರಿ. ನನ್ನದು 73 ಸೆಂ.ಮೀ. ಬಂತು. ಇದನ್ನ 0.665ರಿಂದ ಗುಣಿಸಿದರೆ ಹಳೇ ಲೆಕ್ಕದ ಫ್ರೇಮ್ ಸೈಜು: 48.5 ಸೆಂ.ಮೀ. ಇದನ್ನೇ 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ (ಎರಡೂ ಪೆಡಲ್ ತೋಳು ಸೇರೋ, ಫ್ರೇಮಿನ ಕೆಳಗಿನ ಅಚ್ಚು) ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ: ನನಗೆ 64.5 ಸೆಂ.ಮೀ. ಇದೆಲ್ಲ ಅಂದಾಜಿನ ಲೆಕ್ಕ, ದೇವರ ವಾಕ್ಯ ಅಲ್ಲ. ಆದರೆ 48.5 ಎಲ್ಲಿ, 52 ಎಲ್ಲಿ!

ಸೋಮವಾರ ಮೇಷ್ಟ್ರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಗಾಡಿ ನಿಮ್ಮ ಮೈಗೆ ಹೊಂದಬೇಕ್ರಿ ಮೇಡಂ. ಗಾಡಿಗೆ ನೀವು ಹೊಂದೂದಲ್ಲ." ಸೀಟು ಇಳಿಸಿದ್ರೆ ಕಾಲಿನ ಸಮಸ್ಯೆ ಮಾತ್ರ ಮುಗಿಯುತ್ತೆ, ಸೀಟಿನಿಂದ ಹ್ಯಾಂಡಲ್‌ಗೆ ಇರೋ ದೂರ ಹಾಗೇ ಇರುತ್ತೆ. ಒಂದು ಗಂಟೆ ಹೊಡೆದ ಮೇಲೆ ಕುತ್ತಿಗೆ ಹಿಡಿಯುತ್ತೆ, ಅಂಗೈ ಮರಗಟ್ಟುತ್ತೆ, ಸೈಕಲ್ ಮೂಲೆ ಸೇರುತ್ತೆ. ಹ್ಯಾಂಡಲ್ ಹಿಡಿಯೋ ಸ್ಟೆಮ್ ಅನ್ನೋ ತುಂಡನ್ನ ಚಿಕ್ಕದು ಹಾಕಿಸಿ ಒಂದೆರಡು ಸೆಂ.ಮೀ. ಹತ್ತಿರ ತರಬಹುದು. ಒಂದು ಸೈಜಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತೆ, ಎರಡು ಸೈಜಿನದು ಹೋಗಲ್ಲ.

ಅಂಗಡಿಗೆ ಹೋಗಿ ಬೇಡ ಅಂದೆ. ಅಡ್ವಾನ್ಸ್ ವಾಪಸ್ ಇಲ್ಲ ಅಂದರು. ರಸೀದಿ ಹಿಂದೆ ಬರೆದಿದೆ ನೋಡಿ ಅಂದರು, ನಿಜವಾಗಲೂ ಬರೆದಿತ್ತು. ಮೂರು ವಾರ, ನಾಲ್ಕು ಸಲ ಹೋಗಿ ಬಂದ ಮೇಲೆ, ಡಿಸೆಂಬರ್ ಒಳಗೆ ಏನಾದರೂ ಸಾಮಾನು ತಗೊಳ್ಳಿ ಅಂತ 2,000ದ ಒಂದು ಚೀಟಿ ಬರೆದುಕೊಟ್ಟರು. ಹಾಗಾಗಿ ಹೇಳ್ತೀನಿ, ಅಡ್ವಾನ್ಸ್ ಕೊಡೋ ಮುಂಚೆ ರಸೀದಿ ತಿರುಗಿಸಿ ಓದಿ.

ಇಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿಯುತ್ತೆ ಅಂತ. ಆಗ ಯಾರನ್ನ ಕೇಳಿದರೂ 22ರ ತನಕ ಕಾಯಿರಿ ಅನ್ನೋರೇ. ಕಾದೆ. ಲೆಕ್ಕ ಹಾಕಿದರೆ 50 ಸಾವಿರದ ಸೈಕಲ್ಲಿಗೆ ಸುಮಾರು 3,100 ಉಳಿಯಬೇಕು. ಅಷ್ಟಾದರೂ ಹೆಲ್ಮೆಟ್ಟು, ಪಂಪು ಬರುತ್ತಲ್ವಾ.

ಕಾಯೋ ಹೊತ್ತಲ್ಲಿ ಗೇರ್ ಪಾಠ ಆಯ್ತು. ಶಿಮಾನೋ ಅನ್ನೋ ಕಂಪನಿಯ ಗೇರುಗಳು ಮೆಟ್ಟಿಲು ಮೆಟ್ಟಿಲಾಗಿ ಇವೆ: ಕೆಳಗೆ ಟೂರ್ನಿ, ಹಿಂದೆ 7 ಹಲ್ಲುಚಕ್ರ. ಆಮೇಲೆ ಕ್ಲಾರಿಸ್ 8, ಸೋರಾ 9, ಟಿಯಾಗ್ರಾ 10. ಅದರ ಮೇಲಿನದು ನಮ್ಮಂಥವರಿಗೆ ಈಗ ಬೇಡ. ಸಂಖ್ಯೆಗಿಂತ ನನಗೆ ಮುಖ್ಯ ಅನ್ನಿಸಿದ್ದು ಕೈ. ಟೂರ್ನಿ ಲಿವರಲ್ಲಿ ಗೇರ್ ಬದಲಿಸೋಕೆ ಒಳಗಡೆ ಹೆಬ್ಬೆರಳಿಗೆ ಒಂದು ಗುಂಡಿ ಇರುತ್ತೆ. ಹ್ಯಾಂಡಲ್ಲಿನ ಬಾಗಿದ ಕೆಳಭಾಗ ಹಿಡಿದಾಗ ನನ್ನ ಹೆಬ್ಬೆರಳು ಅದಕ್ಕೆ ಸಿಗಲೇ ಇಲ್ಲ. ಕ್ಲಾರಿಸ್‌ನಲ್ಲಿ ಎರಡೂ ಕೆಲಸ ಬ್ರೇಕ್ ಲಿವರ್ ಹತ್ತಿರವೇ, ಬೆರಳಲ್ಲೇ ಆಗುತ್ತೆ. ಸಣ್ಣ ಕೈಯವರು ಅಂಗಡಿಯಲ್ಲಿ ಇದನ್ನ ಒಂದು ಸಲ ಹಿಡಿದು ನೋಡಿ. ಡಿಸ್ಕ್ ಬ್ರೇಕಾ, ರಿಮ್ ಬ್ರೇಕಾ ಅನ್ನೋದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡ್ತಾರೆ. ಮಳೆಯಲ್ಲಿ ಡಿಸ್ಕ್ ಒಳ್ಳೇದು, ನಿಜ. ನಾನು ಮಳೆಯಲ್ಲಿ ಹೋಗಲ್ಲ, ಮುಗೀತು.

22 ಬಂತು. ಬೆಲೆ ಇಳೀತು. ಸೈಜು ಬರಲಿಲ್ಲ. ಕ್ಲಾರಿಸ್ ಇರೋ ಹೊಸ ಸೈಕಲ್ಲಿಗೆ ನನಗೆ ಹೇಳಿದ ಬೆಲೆ 60 ಸಾವಿರದಿಂದ ಮೇಲೆ. ಟೂರ್ನಿಯದು ಬಜೆಟ್ಟಲ್ಲಿ ಇತ್ತು, ಆದರೆ ಎಕ್ಸ್‌ಎಸ್ ಸೈಜು ಎಲ್ಲೂ ಇಲ್ಲ. ತರಿಸ್ತೀವಿ, ಆರರಿಂದ ಎಂಟು ವಾರ, ಪೂರ್ತಿ ದುಡ್ಡು ಮೊದಲೇ ಕಟ್ಟಿ ಅಂದರು. ಅಕ್ಟೋಬರ್ 1ಕ್ಕೆ ಆಯುಧ ಪೂಜೆ. ಸೈಕಲ್ಲಿಗೆ ಅವತ್ತು ಹೂವು ಹಾಕಬೇಕು ಅಂತ ನನ್ನ ಆಸೆ ಇತ್ತು. ಮಗನ ಸೈಕಲ್ಲಿಗೇ ಹಾಕಿ, ಕುಂಬಳಕಾಯಿ ಒಡೆದು, ಸುಮ್ನೆ ಒಳಗೆ ಬಂದೆ. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಆದರೆ ಆ ರಾತ್ರಿ ಅವರೇ ಫೋನಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕೋಕೆ ಕೂತರು.

ಸೆಕೆಂಡ್ ಹ್ಯಾಂಡ್ ಲೋಕ ಬೇರೆ. ಮೊದಲು ಸಿಕ್ಕವನು ತಾನು ಮಿಲಿಟರಿಯಲ್ಲಿದ್ದೀನಿ, ವರ್ಗ ಆಗಿದೆ, ಅದಕ್ಕೇ ಅರ್ಧ ಬೆಲೆಗೆ ಕೊಡ್ತಿದ್ದೀನಿ ಅಂದ. ಸೈಕಲ್ ನೋಡಬೇಕು ಅಂದರೆ ಕ್ಯಾಂಪಿನೊಳಗೆ ಬಿಡಲ್ಲ, ಟ್ರಾನ್ಸ್‌ಪೋರ್ಟಿಗೆ 3,000 ಹಾಕಿ, ಮನೆಗೇ ಬರುತ್ತೆ ಅಂದ. ಇಂಥ ಮೋಸ ಹಳೇದು, ಫೋನ್ ಇಟ್ಟೆ. ಕಣ್ಣಲ್ಲಿ ನೋಡದೆ ಒಂದು ರೂಪಾಯಿನೂ ಹಾಕಬೇಡಿ. ಮಾರೋರು ನಾವೇ ಆಗಿದ್ದಾಗಲೂ ಅಷ್ಟೆ, ದುಡ್ಡು ಬರೋಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂತ ಯಾರಾದರೂ ಹೇಳಿದರೆ ಅದು ಮೋಸವೇ.

ಎರಡನೆಯದು ಮೈಸೂರಿನಲ್ಲೇ, ಸೈಜು 54. ಮೂರನೆಯದು ಬೆಂಗಳೂರು ಜಯನಗರ. ಸೈಜು 49, ಕ್ಲಾರಿಸ್, ಮುಂದಿನ ಎರಡು ಹಲ್ಲುಚಕ್ರಕ್ಕೆ 50 ಮತ್ತು 34 ಹಲ್ಲು, ಹಿಂದಿನ ದೊಡ್ಡದಕ್ಕೆ 32. ಮಾರೋಳು ಹೆಣ್ಣುಮಗಳು, ಕೆಲಸಕ್ಕೆ ಹೊರದೇಶಕ್ಕೆ ಹೊರಟಿದ್ದಳು. 38 ಸಾವಿರ ಹೇಳಿದ್ದಳು. ನನಗೆ ಗೊತ್ತಾಗಿದ್ದು ಅದೇ, ಸಣ್ಣ ಸೈಜಿಗೆ ಗಿರಾಕಿ ಕಡಿಮೆ, ಎರಡು ತಿಂಗಳಿಂದ ಯಾರೂ ಬಂದಿಲ್ಲ ಅಂತ ಅವಳೇ ಬಾಯಿ ಬಿಟ್ಟಳು. ಅಂಗಡಿಯಲ್ಲಿ ಸಿಗದ ಸಣ್ಣ ಸೈಜು ಹಳೇದರಲ್ಲಿ ಚೌಕಾಸಿಗೆ ಸಿಗುತ್ತೆ.

ಭಾನುವಾರ ಬೆಳಿಗ್ಗೆ ಹೊರಟೆ. ಮೇಷ್ಟ್ರು ಹೇಳಿಕೊಟ್ಟಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರ್ಕೊಂಡಿದ್ದೆ. ಬ್ಯಾಗಲ್ಲಿ ಟಾರ್ಚು, ಒಂದು ಹಳೇ ಬಟ್ಟೆ, ಸ್ಕೂಲಿನ ಸ್ಟೀಲ್ ಸ್ಕೇಲು.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬೆಡ್‌ಶೀಟ್ ಹೊದ್ದು ನಿಂತಿತ್ತು ಸೈಕಲ್. ಬೂದು ಬಣ್ಣ. ಮೊದಲು ಉಲ್ಟಾ ಮಾಡಿ ಪೆಡಲ್ ಅಚ್ಚಿನ ಕೆಳಗೆ ಕೊರೆದಿರೋ ಫ್ರೇಮ್ ನಂಬರ್ ನೋಡಿದೆ, ಬಿಲ್ಲಿನ ನಂಬರಿಗೆ ಹೊಂದಿತು. ಇದು ದೊಡ್ಡ ವಿಷಯ. ಸೈಕಲ್ಲಿಗೆ ಆರ್‌ಸಿ ಇಲ್ಲ, ಬಿಲ್ಲೇ ಅದರ ಆರ್‌ಸಿ. ಕದ್ದ ಮಾಲಲ್ಲ ಅನ್ನೋಕೂ ಅದೇ ಸಾಕ್ಷಿ, ನಾಳೆ ನಮ್ಮದು ಕಳುವಾದರೆ ದೂರು ಕೊಡೋಕೂ ಅದೇ ಬೇಕು. ಆಮೇಲೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಟ್ಟು ಬೆಸುಗೆ ಇರೋ ಕಡೆಯೆಲ್ಲ ನೋಡಿದೆ: ಹ್ಯಾಂಡಲ್ ಕೆಳಗೆ, ಪೆಡಲ್ ಅಚ್ಚಿನ ಸುತ್ತ. ಕೂದಲೆಳೆ ಬಿರುಕು, ಎದ್ದ ಪೇಂಟು ಇದ್ದರೆ ಅಲ್ಲಿಗೇ ಕೈ ಮುಗಿದು ಬಂದುಬಿಡಬೇಕು. ಇರಲಿಲ್ಲ. ಚಕ್ರ ಎತ್ತಿ ತಿರುಗಿಸಿದೆ, ರಿಮ್ಮು ಬ್ರೇಕ್ ಪ್ಯಾಡಿಗೆ ಒಂದೇ ಅಂತರದಲ್ಲಿ ಸುತ್ತಿತು. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿದೆ, ಟಕ್ ಟಕ್ ಅನ್ನಲಿಲ್ಲ.

ಕೊನೆಗೆ ಸ್ಕೇಲ್ ತೆಗೆದೆ. ಹುಡುಗಿ ಕಣ್ಣು ಬಿಟ್ಟು ನೋಡ್ತಿದ್ದಳು. ಚೈನಿನ ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟರೆ, ಹೊಸ ಚೈನಾದರೆ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ನಡುಭಾಗ ಬರಬೇಕು. ಸವೆದರೆ ಆ ಪಿನ್ನು ಮುಂದೆ ಸರಿಯುತ್ತೆ. ಇಂಚಿನ ಹದಿನಾರನೇ ಒಂದು ಭಾಗ ಸರಿದಿದ್ದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಆಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಹೋಗಿರುತ್ತವೆ ಅಂತ ಲೆಕ್ಕ. ಇಲ್ಲಿ ಹದಿನಾರನೇ ಒಂದಕ್ಕಿಂತ ಒಂದು ಕೂದಲಷ್ಟು ಜಾಸ್ತಿ ಇತ್ತು. ಅವಳನ್ನೇ ಬಗ್ಗಿಸಿ ತೋರಿಸಿದೆ. ಬ್ರೇಕ್ ಪ್ಯಾಡ್ ಉಗುರಲ್ಲಿ ಒತ್ತಿದರೆ ಕಲ್ಲಿನ ಹಾಗೆ, ಹ್ಯಾಂಡಲ್ ಟೇಪು ಬೆವರಿಗೆ ಅಂಟು ಅಂಟು. "ಚೈನು, ಪ್ಯಾಡು, ಟೇಪು, ಕೇಬಲ್ಲು, ಕೂಲಿ, ಇಷ್ಟು ಖರ್ಚಿದೆಯಮ್ಮಾ" ಅಂದೆ. "ಮೇಡಂ, ನೀವು ಮ್ಯಾಥ್ಸ್ ಟೀಚರಾ?" ಅಂದಳು. ಹೌದು ಅಂದೆ. 33 ಸಾವಿರಕ್ಕೆ ಬಂತು.

ದುಡ್ಡು ಯುಪಿಐಯಲ್ಲೇ ಹಾಕಿದೆ, ದಾಖಲೆ ಇರಲಿ ಅಂತ. ಹಳೇ ಬಿಲ್ಲು ಇಮೇಲಿಗೆ ತರಿಸ್ಕೊಂಡೆ. ಬಿಳಿ ಹಾಳೆಯಲ್ಲಿ ಫ್ರೇಮ್ ನಂಬರ್, ಮೊತ್ತ, ತಾರೀಖು ಬರೆದು ಅವಳ ಸಹಿ ಹಾಕಿಸಿದೆ. ಕೆಳಗಿನ ರಸ್ತೆಯಲ್ಲಿ ಓಡಿಸಿ ನೋಡೋದನ್ನ ಮಾತ್ರ ಮೊದಲೇ ಮಾಡಿದ್ದೆ. ಎಲ್ಲಾ ಗೇರೂ ಹಾಕಿ ತೆಗೆದು ನೋಡಿ. ನಾನು ಎರಡು ಸುತ್ತು ಬಂದೆ. ಕೈ ತಾನಾಗೇ ಲಿವರ್ ಮೇಲೆ ಹೋಗಿ ಕೂತಿತು, ಮೊಣಕೈ ಸ್ವಲ್ಪ ಬಾಗಿತ್ತು, ಭುಜ ಹಗುರಾಗಿತ್ತು. ನೀಲಿ ಸೈಕಲ್ಲಲ್ಲಿ ಏನು ತಪ್ಪಿತ್ತು ಅಂತ ಆಗ ಮೈಗೆ ಗೊತ್ತಾಯ್ತು.

ತರೋದು ಹೇಗೆ? ಓಡಿಸ್ಕೊಂಡೇ ಬನ್ನಿ ಅಂತ ಮೇಷ್ಟ್ರು ತಮಾಷೆ ಮಾಡಿದರು. 145 ಕಿ.ಮೀ.! ಅಲ್ಲದೆ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ನನ್ನ ತಮ್ಮ ದೀಪಾವಳಿಗೆ ಕಾರಲ್ಲಿ ಬರೋನಿದ್ದ. ಅವಳು ಒಂದು ವಾರ ಇಟ್ಕೊಳ್ತೀನಿ ಅಂದಳು. ಚಕ್ರ ಎರಡೂ ಲಿವರ್ ಸಡಿಲಿಸಿದರೆ ಕಳಚಿ ಬರುತ್ತವೆ, ಹಿಂದಿನ ಸೀಟು ಮಡಚಿದರೆ ಸೈಕಲ್ ಮಲಗುತ್ತೆ. ಗೇರ್ ಇರೋ ಬಲಭಾಗ ಮೇಲಕ್ಕೆ ಇರಲಿ. ಪೆಡಲ್ ಬಿಚ್ಚೋದಾದರೆ ಎಡಗಡೆಯದು ಉಲ್ಟಾ ತಿರುಗುತ್ತೆ. ತಮ್ಮ ಇದು ಗೊತ್ತಿಲ್ಲದೆ ಅರ್ಧ ಗಂಟೆ ಅದನ್ನ ಇನ್ನೂ ಬಿಗಿ ಮಾಡಿ, ಕೊನೆಗೆ ಹಾಗೇ ತುಂಬ್ಕೊಂಡು ಬಂದ. ಬಲಿಪಾಡ್ಯಮಿ ದಿನ ಅತ್ತೆ ಕೇಳದೇನೇ ಸೈಕಲ್ಲಿಗೆ ಕುಂಕುಮ ಇಟ್ಟರು.

ಈಗ ಲೆಕ್ಕ. ಸೈಕಲ್ 33,000. ಚೈನು, ಪ್ಯಾಡು, ಟೇಪು, ಕೇಬಲ್, ಮೆಕ್ಯಾನಿಕ್ ಕೂಲಿ ಸೇರಿ 3,500. ನಾನು ಮರೆತಿದ್ದು ಇದರ ಮೇಲಿನದನ್ನ: ಹೆಲ್ಮೆಟ್ 1,900, ಮುಂದೆ ಹಿಂದೆ ಲೈಟು 1,300, ಮೀಟರ್ ಇರೋ ಪಂಪು 1,600, ಪ್ಯಾಡ್ ಇರೋ ಚಡ್ಡಿ 1,200 (ಮೇಲೆ ಉದ್ದ ಟಾಪ್ ಹಾಕ್ಕೊಳ್ತೀನಿ, ನೋಡೋರು ನೋಡ್ಲಿ), ಟ್ಯೂಬು ಪಂಕ್ಚರ್ ಸಾಮಾನು 1,100, ಬೀಗ 600, ಬಾಟಲ್ ಹಿಡಿಯೋದು 300. ಅಲ್ಲಿಗೆ 8,000. ಒಟ್ಟು 44,500. ಕೈಯಲ್ಲಿ 40 ಇದ್ದರೆ, ರಿಪೇರಿನೂ ಸೇರಿಸಿ ಸೈಕಲ್ಲಿಗೆ 32 ಅಂತಲೇ ಇಟ್ಟುಕೊಳ್ಳಿ.

ಮೊದಲ ವಾರ ಶ್ರೀರಂಗಪಟ್ಟಣದ ಹತ್ತಿರ ಪಂಕ್ಚರ್ ಆಯಿತು. ಟ್ಯೂಬ್ ಬದಲಿಸಿದೆ, ಅದು ಕಲಿತಿದ್ದೆ. ಪಂಪು ಮನೆಯಲ್ಲಿತ್ತು. ಪಂಕ್ಚರ್ ಅಂಗಡಿಯವರು ಗಾಳಿ ಪೈಪ್ ತಂದು ನೋಡಿ, "ಇದೇನಕ್ಕ, ಕಡ್ಡಿ ಥರಾ ಇದೆ, ನಮ್ಮದು ಕೂರಲ್ಲ" ಅಂದರು. ರೋಡ್ ಬೈಕಿನ ವಾಲ್ವ್ ತೆಳ್ಳಗೆ ಇರುತ್ತೆ, ಪ್ರೆಸ್ಟಾ ಅಂತಾರೆ. 50 ರೂಪಾಯಿಯ ಒಂದು ಹಿತ್ತಾಳೆ ಅಡಾಪ್ಟರ್ ತಿರುಗಿಸಿ ಹಾಕಿದರೆ ಯಾವ ಅಂಗಡಿಯಲ್ಲೂ ಗಾಳಿ ತುಂಬಬಹುದು. ನನ್ನ ಹತ್ತಿರ ಇರಲಿಲ್ಲ. ನಮ್ಮ ಮನೆಯವರು ಸ್ಕೂಟರಲ್ಲಿ ಪಂಪ್ ಹಿಡ್ಕೊಂಡು ಬರೋವರೆಗೆ ಆ ಅಂಗಡಿಯವರ ಸ್ಟೂಲಲ್ಲಿ ಕೂತು ಅವರ ಟೀ ಕುಡಿದೆ. ಈಗ ಅಡಾಪ್ಟರ್ ಒಂದು ಚಕ್ರದಲ್ಲೇ ಕಾಯಂ ಇದೆ.

ಚಾಮುಂಡಿ ಬೆಟ್ಟ ಹತ್ತಿದ್ಯಾ ಅಂತ ಕೇಳ್ತೀರಲ್ವಾ? ಊರಿನಿಂದ ಸುಮಾರು 300 ಮೀಟರ್ ಎತ್ತರ. ಮೊದಲ ಸಲ ನಾಲ್ಕು ಕಡೆ ನಿಂತೆ. ಮೊನ್ನೆ ಒಂದು ಕಡೆ ನಿಂತೆ, ಅದೂ ಕೋತಿ ಅಡ್ಡ ಬಂತು ಅಂತ.

ಆ 2,000ದ ಚೀಟಿ ಇತ್ತಲ್ಲ, ಅದರಲ್ಲೇ ಹೆಲ್ಮೆಟ್ ತಗೊಂಡಿದ್ದು. ನೂರು ರೂಪಾಯಿ ಉಳೀತು. ಒಂದು ಬೆಲ್ ಕೊಡಿ ಅಂದೆ. ನೀಲಿ ಸೈಕಲ್ ತೋರಿಸಿದ ಅದೇ ಹುಡುಗ. "ರೋಡ್ ಬೈಕಿಗೆ ಯಾರೂ ಬೆಲ್ ಹಾಕಲ್ಲ ಮೇಡಂ." ನಾನು ಹಾಕ್ತೀನಿ, ಕೊಡಪ್ಪ ಅಂದೆ. ಮನೆಗೆ ತಂದು ನೋಡಿದರೆ ಹ್ಯಾಂಡಲ್ಲಿನ ನಡುಭಾಗ 31.8 ಮಿ.ಮೀ. ದಪ್ಪ, ಬೆಲ್ಲಿನ ಪಟ್ಟಿ ಅದನ್ನ ಸುತ್ತೋದೇ ಇಲ್ಲ. ಇಷ್ಟೆಲ್ಲ ಅಳೆದವಳು ಅದೊಂದನ್ನ ಅಳೆದಿರಲಿಲ್ಲ. ಬೆಲ್ ಈಗ ಮಗನ ಸೈಕಲ್ಲಲ್ಲಿದೆ.